ತಿಪ್ಪಣ್ಣ, ಪೆಂಟಯ್ಯ, ಫಕೀರಪ್ಪ: ಉಳಿದ ಮಗುವಿನ ಹೆಸರುಗಳು

ಕಲ್ಹೇರ್, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಭಾಗದ ಹಳ್ಳಿಗಳ ಹಿರಿಯರ ಹೆಸರುಗಳನ್ನು ಒಂದೆಡೆ ಬರೆದು ನೋಡಿದರೆ ಕೆಲವು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಪೆಂಟಯ್ಯ, ಪೆಂಟಮ್ಮ, ಭಿಕ್ಷಪತಿ, ತಿಪ್ಪಣ್ಣ, ತಿಪ್ಪವ್ವ, ಗುಂಡಪ್ಪ, ಫಕೀರಪ್ಪ. ಕೇಳಿ ಕೇಳಿ ರೂಢಿಯಾಗಿರುವುದರಿಂದ ನಾವು ಇವುಗಳ ಅರ್ಥವನ್ನು ವಿಚಾರಿಸುವುದಿಲ್ಲ. ಮೊಮ್ಮಕ್ಕಳು ಶಾಲೆಯಲ್ಲಿ ಅಜ್ಜನ ಹೆಸರು ಹೇಳಲು ನಾಚಿಕೊಳ್ಳುವುದೂ ಉಂಟು. ಆದರೆ ಶಾಸನವಾಗಲಿ ಬಖೈರಾಗಲಿ ದಾಖಲಿಸದ ಒಂದು ಚರಿತ್ರೆ ಈ ಹೆಸರುಗಳಲ್ಲಿ ಉಳಿದುಕೊಂಡಿದೆ. ಮಕ್ಕಳನ್ನು ಕಳೆದುಕೊಂಡು ಮತ್ತೆ ಗರ್ಭ ಧರಿಸಿದ ತಾಯಂದಿರ ಚರಿತ್ರೆ ಅದು.

ಮೊದಲು ಈ ನೆಲದ ಮಾತು. 1956ರ ಅಕ್ಟೋಬರ್ ಕೊನೆಯವರೆಗೆ ನಾರಾಯಣಖೇಡ ಮತ್ತು ಜಹೀರಾಬಾದ್ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ ಸೇರಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯ ಕಾಯಿದೆಯಂತೆ ನವೆಂಬರ್ 1ರಂದು ಇವು ಆಂಧ್ರಪ್ರದೇಶದ ಪಾಲಾದವು. ಗೆರೆ ಎಳೆದದ್ದು ದಿಲ್ಲಿಯಲ್ಲಿ. ಬೀಗತನ, ಸಂತೆ, ಜಾತ್ರೆ, ಬಾಣಂತನ ಮಾತ್ರ ಗೆರೆಯನ್ನು ಕೇಳಲಿಲ್ಲ. ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಒಂದೇ ಓಣಿಯಲ್ಲಿ ಕೇಳಿಬರುವ ಸೀಮೆ ಇದು. ಹಾಗಾಗಿ ಒಂದೇ ಭಯ ಇಲ್ಲಿ ಹಲವು ಭಾಷೆಗಳಲ್ಲಿ ಹೆಸರು ಪಡೆಯಿತು.

ತೆಲುಗಿನಲ್ಲಿ ಪೆಂಟ ಎಂದರೆ ತಿಪ್ಪೆ. ಪೆಂಟಯ್ಯ ಎಂದರೆ ನಮ್ಮ ತಿಪ್ಪಣ್ಣನೇ. ಮರಾಠಿಯಲ್ಲಿ ತಿಪ್ಪೆಗೆ ಉಕಿರಡಾ ಎನ್ನುತ್ತಾರೆ, ಅದೂ ಮನುಷ್ಯನ ಹೆಸರಾಗಿದೆ; ತಮಿಳಿನ ಕುಪ್ಪುಸ್ವಾಮಿಯ ಕುಪ್ಪೆಯೂ ಅದೇ. ಒಂದಾದ ಮೇಲೊಂದು ಕೂಸು ಕಣ್ಣುಮುಚ್ಚಿದ ಮನೆಯಲ್ಲಿ ಮತ್ತೊಂದು ಹುಟ್ಟಿದರೆ ಅದನ್ನು ಮೊರದಲ್ಲಿಟ್ಟು ತಿಪ್ಪೆಯ ಬಳಿಗೆ ಒಯ್ಯುತ್ತಿದ್ದರು, ಅಲ್ಲಿ ಒಮ್ಮೆ ಹೊರಳಿಸಿ ಅಥವಾ ಮಲಗಿಸಿ ಎತ್ತಿಕೊಳ್ಳುತ್ತಿದ್ದರು. ಇದು ನಮ್ಮ ಮಗುವಲ್ಲ, ತಿಪ್ಪೆಯಲ್ಲಿ ಸಿಕ್ಕದ್ದು, ಯಾರಿಗೂ ಬೇಡವಾದದ್ದು ಎಂದು ಸಾವಿಗೆ ಕೇಳಿಸುವಂತೆ ಸಾರುವುದು ಅದರ ಉದ್ದೇಶ. ಬೇಡವಾದದ್ದನ್ನು ಯಮನೂ ಒಯ್ಯಲಾರನೆಂಬ ನಂಬಿಕೆ. ಇನ್ನು ಕೆಲವು ಮನೆಗಳಲ್ಲಿ ಮಗುವನ್ನು ನೆರೆಮನೆಯ, ಮಕ್ಕಳುಳ್ಳ ಹೆಂಗಸಿನ ಮಡಿಲಿಗೆ ಹಾಕಿ, ಒಂದಿಷ್ಟು ತೌಡಿಗೋ ಕಾಳಿಗೋ ಮಾರಿ, ಮತ್ತೆ ಕೊಂಡುಕೊಳ್ಳುತ್ತಿದ್ದರು. ಉತ್ತರಾಂಧ್ರದ ಕಡೆ ತವುಡು, ತವಿಟಯ್ಯ ಎಂಬ ಹೆಸರುಗಳು ಈ ತೌಡಿನ ವ್ಯಾಪಾರದಿಂದಲೇ ಬಂದವು. ಭಿಕ್ಷಪತಿ, ಪಿಚ್ಚಯ್ಯ ಎಂದರೆ ಭಿಕ್ಷೆಯಾಗಿ ದೊರೆತವನು. ಫಕೀರಪ್ಪನೂ ಅದೇ ದಾರಿಯವನು, ಫಕೀರನ ವರದಿಂದ ಬಂದವನು. ಗದಗ ಜಿಲ್ಲೆಯ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಈ ಹೆಸರು ಹೆಚ್ಚು. ಅಲ್ಲಿ ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲ.

ಅರಮನೆಯೂ ಈ ಭಯದಿಂದ ಹೊರಗಿರಲಿಲ್ಲ. ಹೈದರಾಲಿಯ ಪತ್ನಿ ಫಾತಿಮಾ ಫಕ್ರುನ್ನೀಸಾ ಅರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತನ ಗೋರಿಯಲ್ಲಿ ಮಗುವಿಗಾಗಿ ಬೇಡಿಕೊಂಡಳೆಂದೂ, ದೇವನಹಳ್ಳಿಯಲ್ಲಿ ಹುಟ್ಟಿದ ಮಗನಿಗೆ ಆ ಫಕೀರನ ಹೆಸರನ್ನೇ ಇಟ್ಟರೆಂದೂ ಪ್ರಸಿದ್ಧವಾಗಿದೆ. ನಮ್ಮ ಹಳ್ಳಿಯ ಫಕೀರಪ್ಪನೂ ಶ್ರೀರಂಗಪಟ್ಟಣದ ಸುಲ್ತಾನನೂ ಹೆಸರಿನ ಮಟ್ಟಿಗೆ ಒಂದೇ ಕುಲದವರು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಪ್ರತಿಯೊಬ್ಬ ತಿಪ್ಪಣ್ಣನ ಹಿಂದೆಯೂ ಸತ್ತ ಅಣ್ಣಂದಿರಿದ್ದಾರೆಂದು ತಿಳಿಯಬಾರದು. ಚಿತ್ರದುರ್ಗ ಸೀಮೆಯ ತಿಪ್ಪೇಸ್ವಾಮಿಗಳು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತರ ಮಕ್ಕಳು. ಗುಂಡಪ್ಪ ಹಲವೆಡೆ ಬರಿಯ ಮುದ್ದಿನ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಕಾರಣ ಮರೆತು ಹೆಸರು ಮಾತ್ರ ಮುಂದುವರಿದದ್ದೂ ಉಂಟು. ಹೆಸರು ಸುಳಿವನ್ನು ಕೊಡುತ್ತದೆ, ಸಾಕ್ಷ್ಯವನ್ನು ಮನೆಯವರೇ ಹೇಳಬೇಕು.

ಜನರು ತಿಪ್ಪೆಯ ಬಳಿ ಹೀಗೆ ಮಾಡುತ್ತಿದ್ದಾಗ ಶಾಸ್ತ್ರವು ಏನು ಹೇಳುತ್ತಿತ್ತು? ಇದನ್ನು ಕೇಳಲು ದೂರ ಹೋಗಬೇಕಾಗಿಲ್ಲ. ಭಾರತದ ಬಹುಭಾಗದ ಹಿಂದೂಗಳ ದಾಯಭಾಗವನ್ನು ಶತಮಾನಗಳ ಕಾಲ ಆಳಿದ ಮಿತಾಕ್ಷರಾ ಎಂಬ ವ್ಯಾಖ್ಯಾನ ಹುಟ್ಟಿದ್ದು ಇದೇ ಬೀದರ್ ಸೀಮೆಯ ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಅದನ್ನು ಬರೆದ ವಿಜ್ಞಾನೇಶ್ವರನು ಗ್ರಂಥದ ಕೊನೆಯಲ್ಲಿ ಆ ನಗರವನ್ನೂ ಆ ಅರಸನನ್ನೂ ಕೊಂಡಾಡಿದ್ದಾನೆ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಮಗುವಿನ ಸಾವಿಗೆ ಒಂದು ಅಳತೆಗೋಲೇ ಇದೆ. ಗರ್ಭಸ್ರಾವವಾದರೆ ಎಷ್ಟು ತಿಂಗಳ ಗರ್ಭವೋ ಅಷ್ಟು ರಾತ್ರಿಗಳ ಆಶೌಚ. ಹಲ್ಲು ಮೂಡುವ ಮುನ್ನ ಮಗು ಸತ್ತರೆ ಕೂಡಲೇ ಶುದ್ಧಿ. ಚೌಲದವರೆಗೆ ಒಂದು ರಾತ್ರಿ. ಉಪನಯನದವರೆಗೆ ಮೂರು ರಾತ್ರಿ. ಅಲ್ಲಿಂದ ಮುಂದೆ ಹತ್ತು. ಎರಡು ವರ್ಷ ತುಂಬದ ಮಗುವನ್ನು ಹೂಳಬೇಕು, ಅದಕ್ಕೆ ತರ್ಪಣದ ನೀರಿಲ್ಲ. ವೈದ್ಯಶಾಸ್ತ್ರವೂ ಇಷ್ಟೇ ನಿಖರ: ನಾಲ್ಕನೆಯ ತಿಂಗಳವರೆಗೆ ಹೋದರೆ ಸ್ರಾವ, ಐದು ಆರನೆಯ ತಿಂಗಳಲ್ಲಿ ಹೋದರೆ ಪಾತ ಎಂದು ಸುಶ್ರುತಸಂಹಿತೆ ವಿಂಗಡಿಸಿದೆ. ಇವು ಮೈಲಿಗೆಯ ಲೆಕ್ಕಗಳೇ ಹೊರತು ಶೋಕದ ಲೆಕ್ಕಗಳಲ್ಲ. ಆರು ತಿಂಗಳ ಎದೆಗೂಸನ್ನು ಮಣ್ಣಿಗಿಟ್ಟು ಬಂದ ತಾಯಿಗೆ ಶಾಸ್ತ್ರದ ಪ್ರಕಾರ ಅದೇ ದಿನ ಎಲ್ಲವೂ ಮುಗಿದುಹೋಗಿತ್ತು.

ಮುಗಿಯದೆ ಉಳಿದದ್ದು ಅವಳ ಮೇಲಿನ ಲೆಕ್ಕ. ಮನುಸ್ಮೃತಿ ವರ್ಷಗಳನ್ನೇ ಎಣಿಸಿಕೊಟ್ಟಿದೆ: ಬಂಜೆಯಾದವಳಿದ್ದರೆ ಎಂಟನೆಯ ವರ್ಷ, ಹೆತ್ತ ಮಕ್ಕಳು ಸಾಯುತ್ತಿದ್ದರೆ ಹತ್ತನೆಯ ವರ್ಷ, ಹೆಣ್ಣುಮಕ್ಕಳನ್ನೇ ಹೆತ್ತರೆ ಹನ್ನೊಂದನೆಯ ವರ್ಷ ಗಂಡನು ಇನ್ನೊಬ್ಬಳನ್ನು ತರಬಹುದು. ಮಕ್ಕಳ ಸಾವು ತಾಯಿಯ ದೋಷಗಳ ಪಟ್ಟಿಯಲ್ಲಿ ಸೇರಿತು. ಯಾಜ್ಞವಲ್ಕ್ಯನೂ ಬಂಜೆತನವನ್ನು ಈ ಪಟ್ಟಿಯಲ್ಲಿ ಇಟ್ಟಿದ್ದಾನೆ. ಆದರೆ ಹಾಗೆ ಹಿಂದೆ ಸರಿಸಲ್ಪಟ್ಟ ಹೆಂಡತಿಯನ್ನು ಸಾಕದಿರುವುದು ಮಹಾಪಾಪವೆಂದೂ, ಅವಳಿಗೆ ಪರಿಹಾರಧನ ಸಲ್ಲಬೇಕೆಂದೂ ಹೇಳಿದ್ದಾನೆ. ಗಮನಿಸಬೇಕಾದ ಇನ್ನೊಂದು ಮಾತೂ ಅವನಲ್ಲಿದೆ. ವರನ ಪುರುಷತ್ವವನ್ನು ಮದುವೆಗೆ ಮುಂಚೆಯೇ ಯತ್ನಪೂರ್ವಕವಾಗಿ ಪರೀಕ್ಷಿಸಬೇಕು ಎಂಬುದು ಆ ಮಾತು. ಕೊರತೆ ಗಂಡಿನಲ್ಲಿಯೂ ಇರಬಹುದೆಂದು ಹಳಬರಿಗೆ ಗೊತ್ತಿತ್ತು. ಎಂಟು, ಹತ್ತು, ಹನ್ನೊಂದರ ಲೆಕ್ಕ ಜನರ ನಡವಳಿಕೆಯಲ್ಲಿ ಉಳಿಯಿತು, ಈ ಪರೀಕ್ಷೆಯ ಮಾತು ಮರೆತುಹೋಯಿತು. ಯಾವುದನ್ನು ಮರೆಯಬೇಕು, ಯಾವುದನ್ನು ನೆನೆಯಬೇಕು ಎಂಬುದರಲ್ಲಿ ನಮ್ಮ ಸಮಾಜ ಬಲು ಜಾಣ.

ವಿಜ್ಞಾನೇಶ್ವರನಿಗೆ ನ್ಯಾಯ ಸಲ್ಲಿಸಬೇಕಾದ ವಿಷಯವೊಂದಿದೆ. ಮಗನಿಲ್ಲದೆ ಸತ್ತವನ ಸೊತ್ತು ಅರಸನಿಗೆ ಸೇರುವ ಪದ್ಧತಿ ಪ್ರಾಚೀನ ಭಾರತದಲ್ಲಿತ್ತು. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ, ಸಮುದ್ರದಲ್ಲಿ ಸತ್ತ ಮಕ್ಕಳಿಲ್ಲದ ವರ್ತಕನ ಸಂಪತ್ತಿನ ವಿಷಯ ಬಂದಾಗ ದುಷ್ಯಂತನು, ಅವನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯರಿದ್ದಾರೆಯೇ ಎಂದು ವಿಚಾರಿಸುತ್ತಾನೆ. ವಿಜ್ಞಾನೇಶ್ವರನು ಪುತ್ರಹೀನನಾಗಿ ಸತ್ತ, ಪಾಲಾಗಿ ಬೇರೆಯಾಗಿದ್ದವನ ಆಸ್ತಿಗೆ ಅವನ ಹೆಂಡತಿಯೇ ಮೊದಲ ಹಕ್ಕುದಾರಳೆಂದು, ಅನಂತರ ಹೆಣ್ಣುಮಕ್ಕಳೆಂದು ವಿಸ್ತಾರವಾಗಿ ವಾದಿಸಿದ್ದಾನೆ. ಸತ್ತ ಅಣ್ಣತಮ್ಮನ ಹೆಂಡತಿ ಗರ್ಭಿಣಿಯೆಂಬುದು ಸ್ಪಷ್ಟವಾಗಿದ್ದರೆ ಹೆರಿಗೆಯಾಗುವವರೆಗೆ ಪಾಲುಪಾರಿಕತ್ತನ್ನು ತಡೆಯಬೇಕೆಂದಿದ್ದಾನೆ. ಮಕ್ಕಳಿಲ್ಲದ ವಿಧವೆಯನ್ನು ಬಾಗಿಲಿಗೆ ತಳ್ಳಲು ಕಾದಿದ್ದ ಬಂಧುಗಳ ಎದುರು ಕಲ್ಯಾಣದ ಪಂಡಿತನೊಬ್ಬ ನಿಂತನು ಎನ್ನಲು ಅಡ್ಡಿಯಿಲ್ಲ.

ಇದಾದ ಒಂದೆರಡು ತಲೆಮಾರುಗಳಲ್ಲೇ ಅದೇ ಕಲ್ಯಾಣದಲ್ಲಿ ಶರಣರು ಸೂತಕದ ಅಳತೆಗೋಲನ್ನೇ ಮುರಿದರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಕುಲ ಎಂಬ ಐದು ಸೂತಕಗಳೂ ಲಿಂಗವಂತರಿಗಿಲ್ಲವೆಂದರು. ಹೆಣವನ್ನು ಹೂಳುವ, ಪಿಂಡ ಶ್ರಾದ್ಧಗಳನ್ನು ಬಿಟ್ಟ ಆ ಮಾರ್ಗದಲ್ಲಿ ಪರಗತಿಗೆ ಮಗನ ಕೈಯ ನೀರು ಬೇಕಾಗಲಿಲ್ಲ. ಮಗುವನ್ನು ಕಳೆದುಕೊಂಡ ಹೆಂಗಸು ಮೈಲಿಗೆಯವಳಲ್ಲ, ಮಗನಿಲ್ಲದವಳು ಗತಿಯಿಲ್ಲದವಳಲ್ಲ ಎಂಬುದು ಇದರಿಂದ ತಾನಾಗಿ ಹೊರಡುವ ಅರ್ಥ. ಆದರೂ ಮುಂದಿನ ಎಂಟುನೂರು ವರ್ಷ ಲಿಂಗವಂತರ ಮನೆಯ ಮಗುವೂ ತಿಪ್ಪಣ್ಣನಾಯಿತು, ಅಶ್ವತ್ಥದ ಬುಡದಲ್ಲಿ ನಾಗರಕಲ್ಲುಗಳು ಹೆಚ್ಚಿದವು, ತೊಟ್ಟಿಲ ಹರಕೆಗಳು ನಿಲ್ಲಲಿಲ್ಲ. ತತ್ತ್ವ ತಪ್ಪೆಂದಲ್ಲ; ಮಕ್ಕಳು ಸಾಯುವುದು ನಿಂತಿರಲಿಲ್ಲ.

ಏಕೆ ಸಾಯುತ್ತಿದ್ದವು? ಸಿಡುಬು, ಮಲೇರಿಯಾ, ಬರಗಾಲ, ಬಾಲ್ಯದಲ್ಲೇ ಬಸಿರು, ಇವೆಲ್ಲ ತಿಳಿದವೇ. ಎಳೆಗೂಸುಗಳ ಮಟ್ಟಿಗೆ ಧನುರ್ವಾಯುವನ್ನು ಬೇರೆಯಾಗಿಯೇ ಹೇಳಬೇಕು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ಬೂದಿಯನ್ನೋ ಸಗಣಿಯನ್ನೋ ಮೆತ್ತುವ ರೂಢಿಯಿದ್ದಲ್ಲಿ ಈ ರೋಗ ಹೊಕ್ಕುಳಿನಿಂದ ಒಳಹೊಕ್ಕು, ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಕೂಸನ್ನು ಸೆಟೆಸಿ ಕೊಲ್ಲುತ್ತದೆ. ಆರನೆಯ ರಾತ್ರಿ ಸಟವಿ ಬಂದು ಹಣೆಬರಹ ಬರೆಯುತ್ತಾಳೆಂದು ದೀಪ ಆರಿಸದೆ ಕಾಯುತ್ತಿದ್ದ ನಮ್ಮ ಹಿರಿಯರು ಅದೇ ದಿನಗಳಲ್ಲಿ ಕಾದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಇದಕ್ಕಿಂತ ಮನಸ್ಸನ್ನು ಕಲಕುವ ಸಂಗತಿಯೊಂದಿದೆ. ಧನುರ್ವಾಯುವಿನ ಬೀಜಾಣುಗಳು ಬದುಕುವುದು ಮಣ್ಣಿನಲ್ಲಿ, ದನಕರುಗಳ ಸಗಣಿಯಲ್ಲಿ. ಹೊಕ್ಕುಳು ಇನ್ನೂ ಹಸಿಯಾಗಿರುವಾಗಲೇ ಕೂಸನ್ನು ತಿಪ್ಪೆಗೆ ಒಯ್ದ ತಾಯಿ, ಯಾವುದರಿಂದ ಕಾಯಬೇಕೆಂದಿದ್ದಳೋ ಅದರ ಮನೆಗೇ ಒಯ್ಯುತ್ತಿದ್ದಳು. ಉಳಿದವರು ತಿಪ್ಪಣ್ಣರಾದರು. ಉಳಿಯದವರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಗರ್ಭಿಣಿಯರ ಚುಚ್ಚುಮದ್ದು, ಶುಚಿಯಾದ ಹೆರಿಗೆಗಳಿಂದ ತಾಯಿ ಮಗುವಿನ ಧನುರ್ವಾಯು ನಮ್ಮ ದೇಶದಲ್ಲಿ ನಿರ್ಮೂಲನದ ಹಂತ ಮುಟ್ಟಿತೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು.

ಮೊದಲ ಮಗು ಬದುಕಿ ಅನಂತರದವು ಹೊಟ್ಟೆಯಲ್ಲೋ ಹುಟ್ಟಿದೊಡನೆಯೋ ಹೋಗುತ್ತಿದ್ದ ಮನೆಗಳೂ ಇದ್ದವು. ದೃಷ್ಟಿ, ಮಾಟ, ಸೊಸೆಯ ಕಾಲ್ಗುಣ ಎಂದು ಅಲ್ಲಿ ಬಗೆಬಗೆಯಾಗಿ ಆಡಿಕೊಂಡರು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆದರೆ ಹೀಗಾಗಬಹುದೆಂದು ತಿಳಿದದ್ದು 1940ರ ದಶಕದಲ್ಲಿ. ಅದನ್ನು ತಡೆಯುವ ಚುಚ್ಚುಮದ್ದು ಬಳಕೆಗೆ ಬಂದದ್ದು 1968ರಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಸೊಸೆಯಂದಿರು ತವರಿಗೆ ಮರಳಿದ್ದರೋ ಲೆಕ್ಕವಿಟ್ಟವರಿಲ್ಲ.

ದೇಶದಲ್ಲಿ 1971ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಒಂದು ವರ್ಷ ತುಂಬುವ ಮುನ್ನ ಸಾಯುತ್ತಿದ್ದವು. 2020ರಲ್ಲಿ ಅದು 28ಕ್ಕೆ ಇಳಿಯಿತು. ಕರ್ನಾಟಕದಲ್ಲಿ 19, ತೆಲಂಗಾಣದಲ್ಲಿ 21. ಪೆಂಟಯ್ಯ ಎಂಬ ಹೆಸರು ಹೊಸ ತೊಟ್ಟಿಲುಗಳಲ್ಲಿ ಅಪರೂಪವಾದದ್ದಕ್ಕೆ ಸಿನಿಮಾದ ಪ್ರಭಾವವನ್ನು ಮಾತ್ರ ಹೇಳುವವರು ಈ ಅಂಕಿಗಳನ್ನೂ ನೋಡಬೇಕು.

ಕಾನೂನೂ ಬದಲಾಯಿತು. 1955ರ ಹಿಂದೂ ವಿವಾಹ ಕಾಯಿದೆ ಎಂಟು ಹತ್ತು ಹನ್ನೊಂದರ ಲೆಕ್ಕಕ್ಕೆ ತೆರೆ ಎಳೆಯಿತು. 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ವಿಧವೆಯನ್ನು ಪೂರ್ಣ ಒಡತಿಯನ್ನಾಗಿ ಮಾಡಿದಾಗ ಕಲ್ಹೇರ್ ಇನ್ನೂ ಬೀದರ್ ಜಿಲ್ಲೆಯಲ್ಲಿತ್ತು. ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದು, ವಿಧವೆ ತನಗಾಗಿಯೇ ದತ್ತು ತೆಗೆದುಕೊಳ್ಳಬಹುದು ಎಂಬ ಕಾಯಿದೆ ಅದೇ ಡಿಸೆಂಬರ್ 21ರಂದು ಬರುವಷ್ಟರಲ್ಲಿ ಊರು ಆಂಧ್ರದ್ದಾಗಿತ್ತು. 1961ರ ಹೆರಿಗೆ ಸೌಲಭ್ಯ ಕಾಯಿದೆ ಗರ್ಭಪಾತವಾದ ಹೆಂಗಸಿಗೆ ಆರು ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ತಿಂಗಳಿಗೊಂದು ರಾತ್ರಿಯ ಹಳೆಯ ಅಳತೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ಆದರೆ ಇದು ಕಾರ್ಖಾನೆ, ಕಚೇರಿ, ಅಂಗಡಿಗಳ ನೌಕರರಿಗೆ. ಹತ್ತಿ ಬಿಡಿಸುವ, ತೊಗರಿಯಲ್ಲಿ ಕಳೆ ಕೀಳುವ ನಮ್ಮ ಕಡೆಯ ಕೂಲಿ ಹೆಂಗಸಿಗೆ ಆರು ವಾರವೂ ಇಲ್ಲ, ಹಳೆಯ ಮೂರು ರಾತ್ರಿಗಳೂ ಇಲ್ಲ.

1986ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ. ಸಿ. ಆನಂದಕುಮಾರ್ ಅವರ ತಂಡದಿಂದ ಪ್ರಣಾಳ ಶಿಶು ಹುಟ್ಟಿದ ಮೇಲೆ ಬಂಜೆತನ ಎಂಬ ಮಾತಿನ ಅರ್ಥವೇ ಸಡಿಲವಾಯಿತು. ಜಗತ್ತಿನಲ್ಲಿ ಆರು ಮಂದಿಗೊಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಸಂತಾನದ ತೊಂದರೆಯನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನಲ್ಲಿಯೂ ಕಾರಣವಿರುತ್ತದೆಂದು ವೈದ್ಯರು ಹೇಳುತ್ತಾರೆ. ಯಾಜ್ಞವಲ್ಕ್ಯನ ಮರೆತ ಮಾತಿಗೆ ಹೀಗೆ ಮತ್ತೆ ಜೀವ ಬಂದಿದೆ. ಆದರೂ ಆಸ್ಪತ್ರೆಗೆ ಮೊದಲು ಕರೆದೊಯ್ಯುವುದು ಸೊಸೆಯನ್ನೇ.

ಸಂಘದ ಸದಸ್ಯರಲ್ಲಿ ಒಂದು ಕೋರಿಕೆ. ನಮ್ಮ ಮನೆಗಳಲ್ಲಿ ಎಂಬತ್ತು ದಾಟಿದ ತಿಪ್ಪಣ್ಣ, ಪೆಂಟಮ್ಮ, ಫಕೀರಪ್ಪಂದಿರು ಇನ್ನೂ ಇದ್ದಾರೆ. ಅವರ ಬಳಿ ಕೂತು ಕೇಳಿ ಬರೆದಿಡಬೇಕಾದದ್ದು ಹೆಚ್ಚಿಲ್ಲ: ಅವರು ತಾಯಿಗೆ ಎಷ್ಟನೆಯ ಬಸಿರು, ಮುಂಚೆ ಹೋದವರು ಎಷ್ಟು, ಯಾರ ಮಡಿಲಿಗೆ ಹಾಕಿದರು, ಎಷ್ಟು ತೌಡಿಗೆ ಕೊಂಡರು. ಹೋದ ಮಕ್ಕಳಿಗೆ ಹೆಸರಿಟ್ಟಿದ್ದರೆ ಆ ಹೆಸರುಗಳನ್ನೂ.