ಕಾಲುವೆಗುಂಟ ಒಂದು ದಾರಿ

ಸೈಕಲ್ ತುಳಿದು ದೂರ ಸುತ್ತುವವರಿಗೆ ಕಡಲ ದಂಡೆಯ ದಾರಿಯೆಂದರೆ ಆಸೆ. ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ತೆಂಗಿನ ತೋಪು, ಬೆನ್ನ ಹಿಂದೆ ಲಾರಿಯ ಹಾರ್ನ್ ಇರಬಾರದು. ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ಕರಾವಳಿಯಿದ್ದರೂ ಅಂಥ ದಾರಿ ಅಲ್ಲಿ ಉದ್ದಕ್ಕೂ ಸಿಗುವುದಿಲ್ಲ. ಕಡಲೂ ಸೌಪರ್ಣಿಕೆಯೂ ಎರಡು ಬದಿಗೆ ಕಾಣುವ ಮರವಂತೆಯಲ್ಲಿ, ಆ ಕಿರಿದಾದ ನೆಲದ ಮೇಲೆ ಹಾದುಹೋಗಿರುವುದು ರಾಷ್ಟ್ರೀಯ ಹೆದ್ದಾರಿ 66. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಕಡಲೇ ಇಲ್ಲ. ಆದರೆ ನೀರಿಗೆ ಅಂಟಿಕೊಂಡೇ ಮೈಲಿಗಟ್ಟಲೆ ಸಾಗುವ, ಏರು-ಇಳಿಜಾರು ಇಲ್ಲದ, ಬಸ್ಸು ಲಾರಿಗಳು ಕಾಲಿಡದ ದಾರಿ ಇಲ್ಲಿದೆ: ಘಟಪ್ರಭಾ ಕಾಲುವೆಯ ದಂಡೆ. ಈ ದಾರಿಯನ್ನು ಪ್ರವಾಸಿಗರಿಗೆಂದು ಯಾರೂ ಮಾಡಲಿಲ್ಲ. ನೀರು ಕಾಯುವ ಕೆಲಸ ಅದನ್ನು ಹುಟ್ಟಿಸಿತು, ಅದೇ ಕೆಲಸ ಅದರ ಮೇಲೆ ಬಂಡಿ-ಗಾಡಿಗಳನ್ನು ಬಿಡದೆ ಉಳಿಸಿತು. ಇಂದು ಆ ದಂಡೆಯನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಿಡಿ ಎಂದು ಕೇಳಿದರೆ ಅದು ಹೊರದೇಶದಿಂದ ತಂದ ಹೊಸ ಷೋಕಿಯಲ್ಲ. ಅದರ ಹಳೆಯ ನಡಾವಳಿಯನ್ನೇ ಮುಂದುವರಿಸಿದಂತೆ.

ಯಮಕನಮರಡಿಯ ಕಡೆಯಿಂದ ನೋಡಿದರೆ ಈ ಮಾತಿನ ತುರ್ತು ಬೇಗ ತಿಳಿಯುತ್ತದೆ. ಪುಣೆ-ಬೆಂಗಳೂರು ರಸ್ತೆಯ ಮೇಲಿನ ಊರು ಇದು. ಎತ್ತಿನ ಬಂಡಿ, ಸೈಕಲ್ಲು, ಸಂತೆಗೆ ನಡೆದು ಹೊರಟವರು, ಎಲ್ಲರೂ ಒಂದೇ ರಸ್ತೆಯನ್ನು ಹಂಚಿಕೊಂಡಿದ್ದ ಕಾಲವೊಂದಿತ್ತು. ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 4 ಆಯಿತು, ಸುವರ್ಣ ಚತುಷ್ಪಥದಲ್ಲಿ ಸೇರಿ ಅಗಲವಾಯಿತು, ಈಗ 48 ಎಂಬ ಹೊಸ ನಂಬರು ಹೊತ್ತಿದೆ. ಬೆಳಗಾವಿ, ಕೊಲ್ಲಾಪುರ ಹತ್ತಿರವಾದವು, ಮಾಲು ಬೇಗ ಮಾರುಕಟ್ಟೆ ಸೇರಿತು. ಅದರ ಲಾಭವನ್ನು ಅಲ್ಲಗಳೆಯಲಾಗದು. ಆದರೆ ಹೆದ್ದಾರಿಯ ಆಚೆಯ ಹೊಲಕ್ಕೆ, ಸಾಲಿಗೆ ಹೋಗುವ ಹುಡುಗನಿಗೆ ಅದು ದಾರಿಯಾಗಿ ಉಳಿಯದೆ ದಾಟಬೇಕಾದ ಅಡ್ಡಿಯಾಯಿತು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆ ಶುರುಮಾಡಿತು. ಹಳ್ಳಿಹಳ್ಳಿಗೆ ಸೈಕಲ್ಲು ಬಂದವು, ಅವು ನಿರ್ಭಯವಾಗಿ ಓಡಾಡುವ ದಾರಿಯ ಬಗ್ಗೆ ಮಾತ್ರ ಯಾರೂ ಯೋಚಿಸಲಿಲ್ಲ.

ಇನ್ನು ಕಾಲುವೆಯ ಕಥೆ. 1876-78ರ ಭೀಕರ ಬರ ಮುಂಬಯಿ ಕರ್ನಾಟಕವನ್ನು ಹಿಂಡಿ ಹಾಕಿದ ಮೇಲೆ ಈ ಭಾಗದ ನೀರಾವರಿ ಸರ್ಕಾರದ ಮುಂದೆ ಗಂಭೀರ ಪ್ರಶ್ನೆಯಾಗಿ ನಿಂತಿತು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಬಿದ್ದಿತ್ತು, ಅಲ್ಲಿಂದ ಕಾಲುವೆ ಹೊರಟಿತ್ತು. ಸ್ವಾತಂತ್ರ್ಯದ ನಂತರ ಹಿಡಕಲ್ ಜಲಾಶಯ ಬಂದು, ಎಡದಂಡೆ ಕಾಲುವೆ ನೂರು ಕಿಲೋಮೀಟರು ದಾಟಿ ಪೂರ್ವಕ್ಕೆ ಬೆಳೆಯಿತು. ಕಾಲುವೆ ತೋಡುವವರಿಗೆ ನೆಲದ ಮಟ್ಟವೇ ಧರ್ಮ. ನೀರು ತಾನಾಗಿ ಹರಿಯಬೇಕು, ಆದರೆ ಮಣ್ಣು ಕೊಚ್ಚುವಷ್ಟು ಜೋರಾಗಿ ಹರಿಯಬಾರದು. ಹಾಗಾಗಿ ಕಿಲೋಮೀಟರಿಗೆ ಕೆಲವೇ ಅಂಗುಲ ಇಳಿಜಾರು ಕೊಡುತ್ತಾರೆ. ಗುಡ್ಡ ಎದುರಾದರೆ ಕಾಲುವೆ ಅದನ್ನು ಬಳಸಿ ಹೋಗುತ್ತದೆ, ಹಳ್ಳ ಬಂದರೆ ಮೇಲ್ಗಾಲುವೆಯಲ್ಲಿ ದಾಟುತ್ತದೆ. ಅದರ ಮಗ್ಗುಲಿನ ದಂಡೆಯೂ ಅದೇ ಮಟ್ಟ ಹಿಡಿದು ಸಾಗುತ್ತದೆ. ಗೇರಿಲ್ಲದ ಹಳೆಯ ಸೈಕಲ್ಲಿನ ಹಿಂದೆ ಜೋಳದ ಚೀಲ ಕಟ್ಟಿಕೊಂಡವನೂ ಉಬ್ಬಸ ಬಿಡದೆ ತುಳಿಯಬಹುದಾದ ದಾರಿ ಮಡ್ಡಿ-ಗುಡ್ಡದ ಈ ಸೀಮೆಯಲ್ಲಿ ಬೇರೆ ಎಲ್ಲಿದೆ?

ಆ ದಂಡೆಯ ಮೇಲೆ ದಿನಾ ಯಾರಾದರೂ ನಡೆಯಲೇಬೇಕಿತ್ತು ಎಂಬುದು ಇದಕ್ಕಿಂತ ಮುಖ್ಯ. ಹೆಗ್ಗಣ ಕೊರೆದ ಒಂದು ಬಿಲ, ಏಡಿ ಮಾಡಿದ ಒಂದು ತೂತು ಸಾಕು. ಹಗಲು ಬರೀ ತೇವವಾಗಿ ಕಂಡದ್ದು ರಾತ್ರಿ ಒಡೆದು ಕೆಳಗಿನ ಹೊಲಗಳನ್ನು ಮುಳುಗಿಸುತ್ತದೆ. ಅದಕ್ಕೇ ನೀರಗಂಟಿ ದಂಡೆಗುಂಟ ನಡೆಯುತ್ತ ನೆಲ ನೋಡುತ್ತಿದ್ದ, ಜೌಗು ಎಲ್ಲಿದೆಯೆಂದು ಕಾಲಿನಿಂದಲೇ ಅರಿಯುತ್ತಿದ್ದ, ಪಾಳಿಯ ಪ್ರಕಾರ ತೂಬು ಎತ್ತಿ ಇಳಿಸುತ್ತಿದ್ದ. ಕಬ್ಬಿಣದ ಪಟ್ಟಿ ಹೊಡೆದ ಬಂಡಿಯ ಗಾಲಿ ದಂಡೆಯನ್ನು ಸೀಳುತ್ತದೆ, ದನದ ಹಿಂಡು ಅಂಚನ್ನು ಕುಸಿಸುತ್ತದೆ. ಆದ್ದರಿಂದ 1879ರ ಮುಂಬಯಿ ನೀರಾವರಿ ಕಾಯ್ದೆ ನಿಯಮ ಮೀರಿ ಕಾಲುವೆಯ ದಂಡೆಯ ಮೇಲೆ ಗಾಡಿ, ದನ ಹಾಯಿಸುವುದನ್ನು ಅಪರಾಧವೆಂದಿತು. 1965ರ ಕರ್ನಾಟಕ ನೀರಾವರಿ ಕಾಯ್ದೆಯಲ್ಲಿಯೂ ಅದೇ ಎಚ್ಚರವಿದೆ. ವಾಹನವಿಲ್ಲದ ದಾರಿ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ಕಾಣಿಸುವ ಎಷ್ಟೋ ಮೊದಲು, ಆ ದಾರಿ ಕಾನೂನಿನ ಪುಸ್ತಕದಲ್ಲಿ ಬೇರೆ ಕಾರಣಕ್ಕೆ ಜಾಗ ಹಿಡಿದಿತ್ತು. ಸೈಕಲ್ಲು ದಂಡೆಗೆ ಬಂಡಿಯಷ್ಟು ಭಾರವಲ್ಲ. ಕಾಯ್ದೆ ಅಂಜಿದ್ದ ಹಾನಿಯನ್ನು ಅದು ಮಾಡುವುದಿಲ್ಲ.

ಇದೇ ನದಿಯ ಮೇಲೆ ಇನ್ನೊಂದು ಸಾಕ್ಷಿಯಿದೆ. ಗೋಕಾಕ ಜಲಪಾತದ ಬಲ ನೆಚ್ಚಿ 1880ರ ದಶಕದಲ್ಲಿ ಅಲ್ಲಿ ನೂಲಿನ ಗಿರಣಿ ಎದ್ದಿತು. ಸುಮಾರು 170 ಅಡಿ ಧುಮುಕುವ ನೀರಿನ ನೆತ್ತಿಯ ಮೇಲೆ, ಎರಡು ದಂಡೆಗಳ ನಡುವೆ, 201 ಮೀಟರ್ ಉದ್ದದ ತೂಗುಸೇತುವೆ ಕಟ್ಟಿದರು. ಅದರ ಮೇಲೆ ಹೋಗುವುದು ಕಾಲ್ನಡಿಗೆಯವರಷ್ಟೇ. ಇಂದು ಫೋಟೊ ತೆಗೆಸಿಕೊಳ್ಳಲು ಜನ ಮುಗಿಬೀಳುವ ಆ ಸೇತುವೆ ಹುಟ್ಟಿದ್ದು ನೋಟಕ್ಕಲ್ಲ, ದುಡಿಮೆಗೆ. ಕಾಲುವೆಯ ದಂಡೆಗೂ ಈ ಸೇತುವೆಗೂ ಜಾತಿ ಒಂದೇ.

ಹಿಡಕಲ್ಲಿನ ಹಿನ್ನೀರಿನ ದಂಡೆಯನ್ನೇ ಏಕೆ ಆರಿಸಬಾರದು, ನೋಟ ಅಲ್ಲೇ ಚೆಂದವಲ್ಲವೇ ಎಂದು ಕೇಳಬಹುದು. ಚೆಂದ ನಿಜ. ಆದರೆ ಆ ದಂಡೆ ನಿಂತಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನೀರು ಏರಿ ದಾರಿ ನುಂಗುತ್ತದೆ, ಬೇಸಿಗೆಯಲ್ಲಿ ಇಳಿದು ಕೆಸರು ಬಿಡುತ್ತದೆ. ಹುನ್ನೂರಿನ ವಿಠ್ಠಲ ಮಂದಿರ ನೀರು ತಗ್ಗಿದಾಗ ಮೈದೋರಿ, ಏರಿದಾಗ ಮತ್ತೆ ಮುಳುಗುವುದನ್ನು ಹುಕ್ಕೇರಿ ಸೀಮೆಯವರೆಲ್ಲ ಬಲ್ಲರು. ಮುಳುಗುವ ದಂಡೆಯ ಮೇಲೆ ಕಾಯಂ ದಾರಿ ಆಗದು.

ಕರಾವಳಿಯ ಚರಿತ್ರೆ ಈ ವಾದಕ್ಕೆ ಇನ್ನೊಂದು ದಿಕ್ಕಿನಿಂದ ಬಲ ಕೊಡುತ್ತದೆ. 1801ರಲ್ಲಿ ಕೆನರಾ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್‌ನ ಕಾಲಕ್ಕೆ ಅಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಒಂದೊಂದು ಹೊಳೆಯನ್ನೂ ದೋಣಿಯಲ್ಲೇ ದಾಟಬೇಕಿತ್ತು. ಹೊಳೆಗಳು ಅಡ್ಡಗಟ್ಟಿದ್ದರಿಂದ ಕಡಲ ಅಂಚಿನ ದಾರಿ ನಡೆಯುವವರ ದಾರಿಯಾಗಿತ್ತು. ಸೇತುವೆಗಳು ಬಂದ ಮೇಲೆ ಉದ್ದನೆಯ ಸಂಚಾರವೆಲ್ಲ ಹೆದ್ದಾರಿಗೆ ಸೇರಿತು. ತದಡಿ-ಅಘನಾಶಿನಿ ನಡುವಿನ ದೋಣಿ ದಾಟಿನಂಥ ತುಣುಕುಗಳಷ್ಟೇ ಹಳೆಯ ಕ್ರಮದ ನೆನಪಾಗಿ ಉಳಿದವು. ಅಲ್ಲಿ ದಾರಿಯನ್ನು ಕಾಯ್ದದ್ದು ಹೊಳೆಯ ಅಡ್ಡಿ. ಅಡ್ಡಿ ಹೋದೊಡನೆ ದಾರಿಯೂ ಹೋಯಿತು. ಇಲ್ಲಿ ಕಾಯ್ದದ್ದು ಒಂದು ಕೆಲಸ, ಒಂದು ಕಾಯ್ದೆ. ಕೆಲಸ ಸಡಿಲವಾದರೆ ಇದಕ್ಕೂ ಅದೇ ಗತಿ.

ಆಕ್ಷೇಪಗಳಲ್ಲಿ ದೊಡ್ಡದು ರೈತರದು, ಅದನ್ನು ಹಗುರವಾಗಿ ಕಾಣಲಾಗದು. ಕಬ್ಬು ನುರಿಸುವ ತಿಂಗಳುಗಳಲ್ಲಿ ದಂಡೆಯ ಪಕ್ಕದ ಹೊಲದಿಂದ ಟ್ರ್ಯಾಕ್ಟರು ಹೊರಬೀಳಲು ಎಷ್ಟೋ ಕಡೆ ಸರ್ವಿಸ್ ರಸ್ತೆಯೊಂದೇ ಗತಿ. ಆ ರೈತನನ್ನು ತಡೆದು ಸೈಕಲ್ಲಿಗೆ ದಾರಿ ಬಿಡಿ ಎನ್ನುವುದು ಅನ್ಯಾಯ. ಆದರೆ ಕಾಲುವೆಗೆ ಎರಡು ದಂಡೆಗಳಿವೆ. ಸರ್ವಿಸ್ ರಸ್ತೆಯಿರುವ ಬದಿ ಹೊಲದ ಕೆಲಸಕ್ಕೆ ಇರಲಿ, ಎದುರು ಬದಿ ನಡೆಯುವವರಿಗೂ ಸೈಕಲ್ಲಿಗೂ ಇರಲಿ. ಎರೆಮಣ್ಣು ಮಳೆಗೆ ಗಾಲಿ ಹಿಡಿಯುತ್ತದೆ, ನೀರಿಗೆ ಬೀಳುವ ಭಯವಿದೆ ಎಂಬುದೂ ಸರಿಯೇ. ಗರಸು ಹಾಸಿ ಗಟ್ಟಿಮಾಡಿದರೆ ಮೊದಲನೆಯದಕ್ಕೆ ಪರಿಹಾರ. ಊರಿನ ಹತ್ತಿರ ಮತ್ತು ತೂಬುಗಳ ಬಳಿ ತಡೆಗೋಡೆ ಬೇಕೆಂಬುದು ಸೈಕಲ್ಲಿಲ್ಲದಿದ್ದರೂ ಒಪ್ಪಬೇಕಾದ ಮಾತು. ಡಾಂಬರು ಮಾತ್ರ ಬೇಡ. ಉತ್ತರ ಪ್ರದೇಶದಲ್ಲಿ ಮೇಲಿನ ಗಂಗಾ ಕಾಲುವೆಯ ದಂಡೆ ಕಾವಡಿ ಯಾತ್ರಿಕರ ಮಾರ್ಗವಾಗಿ ಬೆಳೆದು, ಅದನ್ನು ಅಗಲಿಸಲು ಸಾವಿರಗಟ್ಟಲೆ ಮರ ಕಡಿಯುವ ಪ್ರಶ್ನೆ 2024ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ದಂಡೆ ರಸ್ತೆಯಾಗಿ ಬಡ್ತಿ ಪಡೆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಇಂಗ್ಲೆಂಡಿನವರು ಬೇರೆ ಹಾದಿ ತುಳಿದರು: ದೋಣಿ ಎಳೆಯುವ ಕುದುರೆಗಳಿಗೆಂದು ಮಾಡಿದ್ದ ಕಾಲುವೆ ದಾರಿಗಳನ್ನು ನಡಿಗೆಗೂ ಸೈಕಲ್ಲಿಗೂ ಬಿಟ್ಟರು, ಬ್ರಿಸ್ಟಲ್-ಬಾತ್ ನಡುವೆ ನಿಂತುಹೋದ ರೈಲುಹಾದಿಯನ್ನು 1979ರಿಂದ 1986ರವರೆಗೆ ದುಡಿದು ಸೈಕಲ್ ದಾರಿ ಮಾಡಿದರು. ಹೊಸ ನೆಲ ಹುಡುಕಲಿಲ್ಲ, ದುಡಿಮೆ ಬಿಟ್ಟುಹೋದ ನೆಲವನ್ನೇ ಬಳಸಿದರು. ನಮ್ಮಲ್ಲಿ ಕಾಲುವೆಯ ದುಡಿಮೆ ಇನ್ನೂ ನಿಂತಿಲ್ಲ ಎಂಬುದು ನಮಗೆ ಅನುಕೂಲವೇ: ಕಾಯುವವರು ಈಗಲೂ ಇದ್ದಾರೆ, ದಂಡೆಯ ಮೇಲೆ ಜನ ಓಡಾಡಿದಷ್ಟೂ ಸೋರುವ ಬಿಲ ಬೇಗ ಕಣ್ಣಿಗೆ ಬೀಳುತ್ತದೆ.

ಕೆಲಸ ಶುರುವಾಗಬೇಕಾದ ಜಾಗ ಧೂಪದಾಳ. ಒಡ್ಡಿನ ಹಿನ್ನೀರು 1974ರಿಂದ ಘಟಪ್ರಭಾ ಪಕ್ಷಿಧಾಮದೊಳಗಿದೆ, ಚಳಿಗಾಲಕ್ಕೆ ದೂರದೇಶದ ಕೊಕ್ಕರೆಗಳು ಬಂದಿಳಿಯುತ್ತವೆ, ರೈಲು ನಿಲ್ದಾಣ ಹತ್ತಿರದಲ್ಲೇ ಇದೆ. ಕಾಲುವೆಗಳಿಗೆ ಸಿಮೆಂಟ್ ಹಾಸುವ, ದುರಸ್ತಿ ಮಾಡುವ ಪ್ರತಿಯೊಂದು ಅಂದಾಜುಪಟ್ಟಿಯಲ್ಲೂ ಕರ್ನಾಟಕ ನೀರಾವರಿ ನಿಗಮ ಒಂದು ದಂಡೆಯ ಗರಸಿಗೂ, ನಾಲ್ಕು ಗಾಲಿಯ ವಾಹನ ನುಗ್ಗದಂತೆ ಎರಡೂ ತುದಿಗೆ ನೆಡುವ ಕಲ್ಲುಗಂಬಕ್ಕೂ ಹಣ ತೆಗೆದಿಡಲಿ. ದಂಡೆಗೆ ಹೊಂದಿದ ಊರುಗಳ ಗ್ರಾಮ ಪಂಚಾಯಿತಿಗಳು ಈ ಬೇಡಿಕೆಯನ್ನು ಠರಾವು ಮಾಡಿ ನಿಗಮಕ್ಕೆ ಕಳಿಸಲಿ.