ಗೋದಲಿಯ ಹುಲ್ಲು

ಡಿಸೆಂಬರ್ ಹತ್ತು ದಾಟಿತೆಂದರೆ ನಮ್ಮಜ್ಜಿ ಎರಡು ಹಿಡಿ ಭತ್ತ ನೆನೆಹಾಕುತ್ತಿದ್ದರು. ಮರುದಿನ ನಾವು ಮಕ್ಕಳು ಗೆರಟೆಗಳಿಗೆ ಹಟ್ಟಿಗೊಬ್ಬರ ಬೆರೆಸಿದ ಮಣ್ಣು ತುಂಬಿ, ಭತ್ತ ಬಿತ್ತಿ, ಮೇಲೆ ಒದ್ದೆ ಗೋಣಿ ಮುಚ್ಚಿಡುತ್ತಿದ್ದೆವು. ಕ್ರಿಸ್ಮಸ್ ಹಬ್ಬದ ಹೊತ್ತಿಗೆ ಅದು ನಾಲ್ಕು ಬೆರಳು ಹಸಿರಾಗಬೇಕು. ಬೇಗ ಬಿತ್ತಿದರೆ ಸಸಿ ಬಾಗಿ ಮಲಗುತ್ತದೆ. ತಡವಾದರೆ ಆ ವರ್ಷ ಬೆತ್ಲೆಹೇಮ್ ಬೋಳು. ಬಂಟ್ವಾಳದ ಕಡೆಯ ಮನೆ ನಮ್ಮದು. ಒಳಗೆ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ.

ಗೋದಲಿ ಕಟ್ಟುವುದು ಅಪ್ಪನ ಕೆಲಸ. ಮುರಕಲ್ಲಿನ ತುಂಡುಗಳ ಗೋಡೆ, ಅಡಿಕೆ ಹಾಳೆಯ ಮಾಡು, ಒಡೆದ ಕನ್ನಡಿಯ ಕೆರೆ, ಬಾವಿಕಟ್ಟೆಯಿಂದ ಕೆರೆದು ತಂದ ಪಾಚಿ. ಕೊನೆಗೆ ಹಟ್ಟಿಯಿಂದ ಒಂದು ಹಿಡಿ ಬೈಹುಲ್ಲು. ಮಗುವಿನ ಗೊಂಬೆ ಮಾತ್ರ ಅಜ್ಜಿಯ ಪೆಟ್ಟಿಗೆಯಲ್ಲಿ ಭದ್ರ. 24ರ ರಾತ್ರಿ ಬಲಿಪೂಜೆ ಮುಗಿದು ಇಗರ್ಜಿಯಿಂದ ಬಂದ ಮೇಲೆಯೇ ಅದು ಹೊರಗೆ ಬರುತ್ತಿದ್ದುದು. ಒಂದು ವರ್ಷ ತಮ್ಮ ಇಗರ್ಜಿಯ ಸಾಂತ್‌ಮಾರಿ ಜಾತ್ರೆಯಲ್ಲಿ ಕೊಂಡ ತಗಡಿನ ಬಸ್ಸನ್ನು ಕುರುಬರ ಪಕ್ಕದಲ್ಲಿ ನಿಲ್ಲಿಸಿಬಿಟ್ಟ. ಅಜ್ಜಿಗೆ ಸಿಟ್ಟು ಬಂತು. "ಬೆತ್ಲೆಹೇಮಿಗೆ ಬಸ್ಸು ಉಂಟಾ?" ಅಪ್ಪ ಪಾಚಿ ಅಂಟಿಸುತ್ತ, "ಇರಲಿ ಬಿಡಿ ಮಾಂಯ್, ಮಗುವನ್ನು ನೋಡಲು ಮೂವರು ರಾಯರು ದೂರದಿಂದ ಬರಬೇಕಲ್ಲ" ಅಂದರು. ಬಸ್ಸು ಉಳಿಯಿತು.

ಆ ಬಸ್ಸಿಗೆ ಅಲ್ಲಿ ಎಷ್ಟು ಹಕ್ಕಿತ್ತೆಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ, ಗೋದಲಿಯ ಹಿಂದಿನ ಕತೆ ಓದತೊಡಗಿದಾಗ. ಮೊದಲು ಲೂಕನ ಸುವಾರ್ತೆಯನ್ನೇ ತೆರೆದೆ. ಛತ್ರದಲ್ಲಿ ಜಾಗವಿರಲಿಲ್ಲ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು ಎಂದಿದೆ. ಎತ್ತಿನ ಮಾತಿಲ್ಲ, ಕತ್ತೆಯ ಮಾತಿಲ್ಲ. ಅವೆರಡೂ ಬಂದದ್ದು ಹಳೆಯ ಒಡಂಬಡಿಕೆಯ ಯೆಶಾಯನ ಗ್ರಂಥದಿಂದ. ಎತ್ತಿಗೆ ತನ್ನ ಯಜಮಾನ ಗೊತ್ತು, ಕತ್ತೆಗೆ ತನ್ನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ತಿಳಿವಳಿಕೆಯಿಲ್ಲ ಎಂದು ಅಲ್ಲಿ ದೇವರು ನೊಂದುಕೊಳ್ಳುತ್ತಾನೆ. ಓದಿದವರು ಆ ಎರಡು ಪ್ರಾಣಿಗಳನ್ನು ಹೊಡೆದುಕೊಂಡು ಬಂದು ಬೆತ್ಲೆಹೇಮಿನಲ್ಲಿ ಕಟ್ಟಿದರು. ಮಿಲಾನಿನ ಸಂತ ಆಂಬ್ರೋಸರ ಇಗರ್ಜಿಯಲ್ಲಿ 4ನೇ ಶತಮಾನದ ಕೊನೆಯ ಒಂದು ಕಲ್ಲಿನ ಶವಪೆಟ್ಟಿಗೆಯಿದೆ. ಅದರ ಮುಚ್ಚಳದ ಕೆತ್ತನೆಯಲ್ಲಿ ಬಟ್ಟೆ ಸುತ್ತಿದ ಮಗುವಿನ ಆಚೆ ಈಚೆ ಎತ್ತು, ಕತ್ತೆ. ಮರಿಯಮ್ಮನಿಲ್ಲ, ಜೋಸೆಫನಿಲ್ಲ. ತಾಯಿಗಿಂತ ಮೊದಲು ದನಕ್ಕೆ ಜಾಗ ಸಿಕ್ಕಿದ ಹಬ್ಬ ಇದು!

ತಾರೀಖೂ ಸುವಾರ್ತೆಯಲ್ಲಿಲ್ಲ. ಡಿಸೆಂಬರ್ 25 ಮೊದಲು ಕಾಣಿಸುವುದು ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗದಲ್ಲಿ. ಅದರೊಳಗಿನ ಪಟ್ಟಿ 336ರ ಕಾಲದ್ದು. ಅದೇ ಪಂಚಾಂಗ ಆ ದಿನದ ಎದುರು 'ಅಜೇಯ'ನ ಜನ್ಮದಿನವನ್ನೂ ಗುರುತಿಸಿದೆ. ಅಜೇಯನೆಂದರೆ ಸೂರ್ಯ, ಅವನಿಗೆ 274ರಲ್ಲಿ ಚಕ್ರವರ್ತಿ ಆರೇಲಿಯನ್ ರೋಮಿನಲ್ಲಿ ಗುಡಿ ಕಟ್ಟಿಸಿದ್ದ. ಸೂರ್ಯನ ದಿನವನ್ನೇ ಕ್ರೈಸ್ತರು ತಮ್ಮದಾಗಿಸಿಕೊಂಡರು ಎನ್ನುವುದು ಒಂದು ವಾದ. ಮಾರ್ಚ್ 25ಕ್ಕೆ ಗರ್ಭಧಾರಣೆಯೆಂದು ಲೆಕ್ಕ ಹಿಡಿದು ಒಂಬತ್ತು ತಿಂಗಳು ಕೂಡಿದರು ಎನ್ನುವುದು ಇನ್ನೊಂದು. ಆರ್ಮೇನಿಯಾದ ಸಭೆಗೆ ಈ ಹಬ್ಬ ಇವತ್ತಿಗೂ ಜನವರಿ 6ಕ್ಕೆ.

ಆದರೆ ಹುಲ್ಲು? ಅದಕ್ಕೆ ಊರೂ ಇದೆ, ಇಸವಿಯೂ ಇದೆ. ರೋಮಿನ ಈಶಾನ್ಯಕ್ಕೆ, ರಿಯೇತಿ ಕಣಿವೆಯ ಗುಡ್ಡದ ಹಳ್ಳಿ ಗ್ರೆಚ್ಚಿಯೊ, ವರ್ಷ 1223. ಆ ನವೆಂಬರ್ 29ಕ್ಕೆ ಪೋಪ್ ಮೂರನೇ ಹೊನೋರಿಯಸ್ ಅಸ್ಸೀಸಿಯ ಫ್ರಾನ್ಸಿಸನ ಸನ್ಯಾಸಿ ಸಂಘದ ನಿಯಮಗಳಿಗೆ ಒಪ್ಪಿಗೆ ಕೊಟ್ಟಿದ್ದರು. ಹಬ್ಬಕ್ಕೆ ಹದಿನೈದು ದಿನವಿರುವಾಗ ಫ್ರಾನ್ಸಿಸ್ ಆ ಊರಿನ ಜೊವಾನ್ನಿ ಎಂಬ ಗೃಹಸ್ಥನನ್ನು ಕರೆಸಿ, ಬೆತ್ಲೆಹೇಮಿನ ಮಗುವಿನ ಕಷ್ಟವನ್ನು ಈ ಕಣ್ಣಾರೆ ನೋಡಬೇಕು, ಗೋದಲಿ, ಹುಲ್ಲು, ಎತ್ತು, ಕತ್ತೆ ಇಷ್ಟನ್ನು ಹೊಂದಿಸು ಎಂದ. ಹದಿನೈದು ದಿನ! ನಮ್ಮ ಮನೆಯಲ್ಲಿ ಭತ್ತ ನೆನೆಹಾಕುವ ಲೆಕ್ಕವೂ ಅದೇ.

ಆ ರಾತ್ರಿ ಸುತ್ತಲ ಹಳ್ಳಿಗಳ ಜನ ಮೇಣದಬತ್ತಿ, ದೊಂದಿ ಹಿಡಿದು ಕಾಡುದಾರಿಯಲ್ಲಿ ಬಂದರು. ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಫ್ರಾನ್ಸಿಸ್ ಗುರುವಲ್ಲ, ಬರೀ ಡೀಕನ್. ಹಾಗಾಗಿ ಪೂಜೆ ಅರ್ಪಿಸಲಿಲ್ಲ, ಸುವಾರ್ತೆ ಹಾಡಿ ಪ್ರಸಂಗ ಮಾಡಿದ. 'ಬೆತ್ಲೆಹೇಮ್' ಎನ್ನುವಾಗ ಕುರಿಮರಿ ಅರಚಿದ ಹಾಗೆ ಕೇಳುತ್ತಿತ್ತಂತೆ. ಆ ಹೆಸರು ಬಂದಾಗಲೆಲ್ಲ ಸಿಹಿ ತಿಂದವನಂತೆ ತುಟಿ ಸವರಿಕೊಳ್ಳುತ್ತಿದ್ದನಂತೆ. ಇದನ್ನೆಲ್ಲ ಬರೆದಿಟ್ಟವನು ಅವನ ಸಂಘದವನೇ ಆದ ಚೆಲಾನೊ ಊರಿನ ತೊಮ್ಮಾಸೊ, ಫ್ರಾನ್ಸಿಸ್ ತೀರಿಕೊಂಡ ಎರಡು ಮೂರು ವರ್ಷದೊಳಗೆ. ಅವನ ಬರಹದಲ್ಲಿ ಮಗುವಿನ ಗೊಂಬೆಯ ಸುದ್ದಿಯಿಲ್ಲ. ನೆರೆದವರಲ್ಲಿ ಒಬ್ಬನಿಗೆ ಮಾತ್ರ ಗೋದಲಿಯಲ್ಲಿ ಮಲಗಿದ್ದ ಮಗುವನ್ನು ಫ್ರಾನ್ಸಿಸ್ ಎಬ್ಬಿಸಿದಂತೆ ಕಂಡಿತು. ಉಳಿದವರ ಮುಂದೆ ಇದ್ದದ್ದು ಹುಲ್ಲು, ಎರಡು ಮೂಕಪ್ರಾಣಿ. ಪರದೇಶದ ಬೆತ್ಲೆಹೇಮನ್ನು ಆತ ತನ್ನ ಸೀಮೆಯ ಹಟ್ಟಿಯ ಸಾಮಾನಿನಲ್ಲೇ ಕಟ್ಟಿದ್ದ.

ಮುಂದೆ ಕಟ್ಟಿದವರೂ ಹಾಗೆಯೇ ಮಾಡಿದರು. ರೋಮಿನ ಸಾಂತಾ ಮರಿಯಾ ಮಜ್ಜೋರೆ ಇಗರ್ಜಿಗೆ 1291ರ ಸುಮಾರಿಗೆ ಶಿಲ್ಪಿ ಆರ್ನೊಲ್ಫೊ ದಿ ಕಾಂಬಿಯೊ ಕಲ್ಲಿನ ಗೋದಲಿ ಕೆತ್ತಿದ; ಹೇಳಿ ಮಾಡಿಸಿದ ನಾಲ್ಕನೇ ನಿಕೋಲಸ್ ಫ್ರಾನ್ಸಿಸನ ಸಂಘದಿಂದ ಬಂದ ಮೊದಲ ಪೋಪ್. 18ನೇ ಶತಮಾನದ ನೇಪಲ್ಸಿನಲ್ಲಿ ಅದು ಇಡೀ ಪೇಟೆಯಾಗಿ ಬೆಳೆಯಿತು. ಮೀನು ಮಾರುವವಳು, ಸಾರಾಯಿ ಅಂಗಡಿ, ತೂಗುಹಾಕಿದ ಮಾಂಸ, ಇಸ್ಪೀಟು ಆಡುವವರು ಎಲ್ಲರೂ ಬಂದು ಸೇರಿ, ಮಗು ಎಲ್ಲಿದೆಯೆಂದು ನೋಡುವವರು ಹುಡುಕಬೇಕು. ಅಲ್ಲಿನ ಸಾನ್ ಗ್ರೆಗೋರಿಯೊ ಆರ್ಮೇನೊ ಬೀದಿಯಲ್ಲಿ ಗೊಂಬೆ ಮಾಡುವವರ ಅಂಗಡಿಗಳು ಇವತ್ತೂ ಸಾಲಾಗಿವೆ.

ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಇಗರ್ಜಿಗಳಿಗೆ ಬೀಗ ಬಿದ್ದಾಗ ಪ್ರೊವಾನ್ಸ್ ಸೀಮೆಯವರು ಗೋದಲಿಯನ್ನು ಮನೆಯೊಳಗೆ ಕರೆದುಕೊಂಡರು. ಮಾರ್ಸೆಯ್ ಪಟ್ಟಣದ ಜಾನ್ ಲೂಯಿ ಲಾನ್ಯೆಲ್ ಎಂಬವನು ಅಚ್ಚಿನಲ್ಲಿ ಮಣ್ಣಿನ ಗೊಂಬೆ ತೆಗೆದು ಬಡವರ ಕೈಗೆಟುಕುವಂತೆ ಮಾರಿದ. ಅವಕ್ಕೆ 'ಸಾಂತೋನ್', ಪುಟ್ಟ ಸಂತ, ಎಂದು ಹೆಸರು. ಹೆಸರಿಗೆ ಸಂತರು, ನೋಡಿದರೆ ರೊಟ್ಟಿ ಸುಡುವವ, ಕತ್ತಿ ಸಾಣೆ ಹಿಡಿಯುವವ, ಊರಿನ ಮೇಯರು. 1803ರಲ್ಲಿ ಆ ಪಟ್ಟಣದಲ್ಲಿ ಶುರುವಾದ ಗೊಂಬೆಗಳ ಸಂತೆ ಇಂದಿಗೂ ನಡೆಯುತ್ತದೆ. ಸಾಣೆಯವನಿಗೆ ಜಾಗವಿದ್ದಲ್ಲಿ ತಮ್ಮನ ಬಸ್ಸಿಗೂ ಜಾಗವಿರಲೇಬೇಕು.

1526ರ ಹೊತ್ತಿಗೆ ಪೋರ್ಚುಗೀಸರೊಂದಿಗೆ ಮಂಗಳೂರಿಗೆ ಬಂದ ಪಾದ್ರಿಗಳು ಈ ಫ್ರಾನ್ಸಿಸನ ಸಂಘದವರೇ. ನಮ್ಮೂರಿಂದ ಮಂಗಳೂರಿಗೆ ಹೋಗುವಾಗ ಸಿಗುವ, ನೇತ್ರಾವತಿ ದಂಡೆಯ ಫರಂಗಿಪೇಟೆಯ ಮೋಂತೆ ಮರಿಯಾನೊ ಆ ಪಾದ್ರಿಗಳೇ ಕಟ್ಟಿದ ನೆಲೆ. ಈಗ ಅಲ್ಲಿರುವ ಕಪುಚಿನ್ ಗುರುಗಳದೂ ಅದೇ ಸಂಘದ ಕವಲು. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಆ ಕಂದು ನಿಲುವಂಗಿ, ಸೊಂಟಕ್ಕೆ ಬಿಗಿದ ಬಿಳಿ ಹಗ್ಗ ನೋಡಿದ್ದೆ. ಅದಕ್ಕೂ ನಮ್ಮ ಗೆರಟೆಯ ಭತ್ತಕ್ಕೂ ನಂಟು ಹಾಕಲು ನನಗೆ ಆಗ ಹೊಳೆದಿರಲಿಲ್ಲ.

ಜನವರಿ 6, ಮೂರು ರಾಯರ ಹಬ್ಬ ಕಳೆದ ಮೇಲೆ ಗೋದಲಿ ಬಿಚ್ಚುವುದು. ಭತ್ತದ ಸಸಿ ಯಾವ ದನಕ್ಕಾದರೂ ಸರಿ. ಆದರೆ ಮಗು ಮಲಗಿದ್ದ ಹುಲ್ಲನ್ನು ಒಲೆಗೆ ಹಾಕುವ ಹಾಗಿಲ್ಲ, ಅಂಗಳಕ್ಕೆ ಗುಡಿಸುವ ಹಾಗಿಲ್ಲ. ಅಜ್ಜಿ ತಾವೇ ಎತ್ತಿಕೊಂಡು ಹೋಗಿ ಗಬ್ಬದ ದನಕ್ಕೆ ಕೈಯಾರೆ ತಿನ್ನಿಸುತ್ತಿದ್ದರು. ಏಕೆಂದು ಕೇಳಿದರೆ, "ಹಾಗೆಯೇ ಮಾಡುವುದು" ಎಂಬಲ್ಲಿಗೆ ಮಾತು ಮುಗಿಯಿತು. ತೊಮ್ಮಾಸೊನ ಲ್ಯಾಟಿನ್ ಬರಹದ ಕೊನೆಗೆ ಬಂದಾಗ ನನ್ನ ಕೈ ನಿಂತಿತು. ಗ್ರೆಚ್ಚಿಯೊದ ಆ ಹುಲ್ಲನ್ನು ಜನ ಎತ್ತಿಟ್ಟುಕೊಂಡರು. ತಿಂದ ಜಾನುವಾರುಗಳ ರೋಗ ವಾಸಿಯಾಯಿತು. ಹೆರಿಗೆ ಕಷ್ಟವಾದ ಹೆಂಗಸರ ಮೇಲೆ ಇಟ್ಟರೆ ಹೆರಿಗೆ ಹಗುರವಾಯಿತು ಎಂದಿದೆ. ಅಜ್ಜಿಗೆ ಲ್ಯಾಟಿನ್ ಎಂದರೆ ಪೂಜೆಯಲ್ಲಿ ಕೇಳಿದ್ದಷ್ಟೇ.

ಈಗ ನಮ್ಮ ಹಟ್ಟಿಯಲ್ಲಿ ಸ್ಕೂಟರ್ ನಿಲ್ಲುತ್ತದೆ. ಹೋದ ವರ್ಷ ಬೈಹುಲ್ಲನ್ನು ಪೇಟೆಯಿಂದ ಕೊಂಡು ತಂದೆ. ಜನವರಿ 7ರ ಬೆಳಿಗ್ಗೆ ಅದನ್ನು ಚೀಲದಲ್ಲಿ ಕಟ್ಟಿಕೊಂಡು ಗುಡ್ಡದಾಚೆಯ ಮನೆಗೆ ಹೋದೆ. ಅಲ್ಲಿ ಇನ್ನೂ ಮೂರು ದನ ಇವೆ. ಒಂದು ಹಿಡಿ ಹುಲ್ಲಿಗೆ ಇಷ್ಟು ದೂರ ಬಂದಿರಾ ಎಂದು ಆ ಮನೆಯ ಅಕ್ಕ ನಕ್ಕರು. ನಾನು ಹಟ್ಟಿಯೊಳಗೆ ಬಗ್ಗಿ ಕೇಳಿದೆ: "ಗಬ್ಬದ್ದು ಯಾವುದು?"