ಪೊಲೀಸ್ ಮಹಾನಿರ್ದೇಶಕ ಮತ್ತು ಮಹಾನಿರೀಕ್ಷಕ (ಕರ್ನಾಟಕ)

ಪೊಲೀಸ್ ಮಹಾನಿರ್ದೇಶಕ ಮತ್ತು ಮಹಾನಿರೀಕ್ಷಕ ಎಂಬುದು ಕರ್ನಾಟಕ ರಾಜ್ಯ ಪೊಲೀಸ್ ಪಡೆಯ ಅತ್ಯುನ್ನತ ಹುದ್ದೆ. ಆಡುಮಾತಿನಲ್ಲಿ ಹಾಗೂ ಪತ್ರಿಕೆಗಳಲ್ಲಿ ಇದನ್ನು ‘ಡಿಜಿ ಮತ್ತು ಐಜಿಪಿ’ ಎಂದು ಕರೆಯುತ್ತಾರೆ. ಭಾರತೀಯ ಪೊಲೀಸ್ ಸೇವೆಯ ಹಿರಿಯ ಅಧಿಕಾರಿಯೊಬ್ಬರನ್ನು ರಾಜ್ಯ ಸರ್ಕಾರ ಈ ಹುದ್ದೆಗೆ ನೇಮಿಸುತ್ತದೆ. ಪ್ರಧಾನ ಕಚೇರಿ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿದೆ.

ಹೆಸರು

ಒಂದೇ ಹುದ್ದೆಗೆ ಎರಡು ಹೆಸರು ಇರುವುದಕ್ಕೆ ಚಾರಿತ್ರಿಕ ಕಾರಣವಿದೆ. 1861ರ ಪೊಲೀಸ್ ಕಾಯ್ದೆ ಪ್ರಾಂತದ ಪೊಲೀಸ್ ಆಡಳಿತವನ್ನು ‘ಇನ್‌ಸ್ಪೆಕ್ಟರ್ ಜನರಲ್’ ಎಂಬ ಅಧಿಕಾರಿಗೆ ಒಪ್ಪಿಸಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಪಡೆಯ ಮುಖ್ಯಸ್ಥನಿಗೆ ಅದೇ ಪದನಾಮವಿತ್ತು. ಮುಂದೆ ಅದಕ್ಕಿಂತ ಮೇಲಿನ ಮಹಾನಿರ್ದೇಶಕ ದರ್ಜೆ ಬಂದಾಗಲೂ ಹಳೆಯ ಪದನಾಮವನ್ನು ಕೈಬಿಡದೆ ಹೊಸದರೊಂದಿಗೆ ಸೇರಿಸಲಾಯಿತು. ಇಂದು ಮಹಾನಿರ್ದೇಶಕ ದರ್ಜೆಯ ಅಧಿಕಾರಿಗಳು ರಾಜ್ಯದಲ್ಲಿ ಹಲವರಿದ್ದಾರೆ. ವಲಯಗಳ ಮುಖ್ಯಸ್ಥರನ್ನೂ ಐಜಿಪಿ ಎಂದೇ ಕರೆಯಲಾಗುತ್ತದೆ. ಎರಡೂ ಪದನಾಮಗಳನ್ನು ಒಟ್ಟಿಗೆ ಹೊಂದಿರುವ ಅಧಿಕಾರಿ ಮಾತ್ರ ಒಬ್ಬರೇ. ದರ್ಜೆ ಹಲವರದು, ಹುದ್ದೆ ಒಬ್ಬರದು ಎಂಬ ಈ ಸ್ಥಿತಿಯೇ ನೇಮಕದ ವ್ಯಾಜ್ಯಗಳಿಗೂ ಎಡೆಮಾಡಿಕೊಟ್ಟಿದೆ.

ಏಕೀಕರಣಕ್ಕೆ ಮುನ್ನ

ಇಂದಿನ ಕರ್ನಾಟಕದ ಪ್ರದೇಶಗಳು ಅಂದು ಬೇರೆ ಬೇರೆ ಪೊಲೀಸ್ ಮುಖ್ಯಸ್ಥರ ಕೈಕೆಳಗಿದ್ದವು. ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದ ಕಂದಾಚಾರದ ಪಡೆ ಸೇನೆಯ ಕೆಲಸವನ್ನೂ ಕಾವಲಿನ ಕೆಲಸವನ್ನೂ ನಿರ್ವಹಿಸುತ್ತಿತ್ತು. 1881ರಲ್ಲಿ ಆಡಳಿತ ಒಡೆಯರ ವಂಶಕ್ಕೆ ಮರಳಿದ ಬಳಿಕ, 1885ರಲ್ಲಿ ಎಲ್. ರಿಕೆಟ್ಸ್ ಸಂಸ್ಥಾನದ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದರು. ಅನಂತರ ಈ ಹುದ್ದೆಯಲ್ಲಿದ್ದ ವಿ. ಪಿ. ಮಾಧವ ರಾವ್ 1898ರ ಪ್ಲೇಗ್ ಹಾವಳಿಯ ಸಮಯದಲ್ಲಿ ಪ್ಲೇಗ್ ಕಮಿಷನರ್ ಆಗಿ, 1906ರಿಂದ 1909ರವರೆಗೆ ಮೈಸೂರಿನ ದಿವಾನರಾಗಿದ್ದರು. ಪೊಲೀಸ್ ಮುಖ್ಯಸ್ಥನ ಸ್ಥಾನ ಆಗ ಸಾಮಾನ್ಯ ಆಡಳಿತ ಸೇವೆಯ ಒಂದು ಮೆಟ್ಟಿಲೂ ಆಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಮದ್ರಾಸ್ ಪ್ರಾಂತಕ್ಕೆ ಸೇರಿದ್ದು, 1859ರ ಮದ್ರಾಸ್ ಪೊಲೀಸ್ ಕಾಯ್ದೆಗೆ ಒಳಪಟ್ಟಿದ್ದವು. ಕಲಬುರಗಿ, ರಾಯಚೂರು, ಬೀದರ್ ಭಾಗಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಹೈದರಾಬಾದ್ ಸಂಸ್ಥಾನದ ಪೊಲೀಸ್ ಮುಖ್ಯಸ್ಥನಿಗೆ ‘ಡೈರೆಕ್ಟರ್ ಜನರಲ್’ ಎಂಬ ಪದನಾಮ ಸ್ವಾತಂತ್ರ್ಯಪೂರ್ವದಲ್ಲೇ ಇತ್ತು. ಕನ್ನಡ ನಾಡಿನ ಒಂದು ಭಾಗಕ್ಕೆ ಈ ಹೆಸರು ಹೊಸದೇನಲ್ಲ.

ಧಾರವಾಡ ಜಿಲ್ಲೆ ಬಾಂಬೆ ಪ್ರಾಂತದಲ್ಲಿತ್ತು. ದುಂಡಸಿ, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರುಗಳ ಪೊಲೀಸ್ ಠಾಣೆಗಳು ಧಾರವಾಡದ ಜಿಲ್ಲಾ ಸೂಪರಿಂಟೆಂಡೆಂಟರ ಮೂಲಕ ಪುಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಜನರಲ್‌ಗೆ ಅಧೀನವಾಗಿದ್ದವು. ಇವುಗಳ ನೆರೆಯಲ್ಲೇ ಇದ್ದ ಸವಣೂರು ಮಾತ್ರ ನವಾಬರ ಪುಟ್ಟ ಸಂಸ್ಥಾನವಾಗಿ ಉಳಿದಿತ್ತು. ಅದು 1948ರಲ್ಲಿ ಬಾಂಬೆ ಪ್ರಾಂತದಲ್ಲಿ ವಿಲೀನವಾಯಿತು.

ಏಕೀಕರಣ ಮತ್ತು ಏಕರೂಪದ ಕಾಯ್ದೆ

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ರಚನೆಯಾದಾಗ ಈ ಪಡೆಗಳು ಒಬ್ಬ ಇನ್‌ಸ್ಪೆಕ್ಟರ್ ಜನರಲ್ ಅವರ ಅಧೀನಕ್ಕೆ ಬಂದವು. ಆದರೆ ಕಾನೂನು ಅಷ್ಟು ಬೇಗ ಒಂದಾಗಲಿಲ್ಲ. ಹಳೆಯ ಮೈಸೂರಿನಲ್ಲಿ 1908ರ ಮೈಸೂರು ಪೊಲೀಸ್ ಕಾಯ್ದೆ, ಧಾರವಾಡ ಜಿಲ್ಲೆಯಲ್ಲಿ 1951ರ ಬಾಂಬೆ ಪೊಲೀಸ್ ಕಾಯ್ದೆ ಮುಂದುವರಿದವು. ಹೀಗಾಗಿ ಶಿಗ್ಗಾಂವಿ ಸೀಮೆಯ ಪೇದೆ ಬೆಂಗಳೂರಿನ ಮುಖ್ಯಸ್ಥರ ಆಜ್ಞೆಯಂತೆ, ಬಾಂಬೆಯ ಕಾಯ್ದೆಯಡಿ ಕೆಲಸ ಮಾಡಬೇಕಾಗಿತ್ತು. 1963ರ ಮೈಸೂರು ಪೊಲೀಸ್ ಕಾಯ್ದೆ 1965ರ ಏಪ್ರಿಲ್ 2ರಂದು ಜಾರಿಗೆ ಬಂದ ಮೇಲೆ ಈ ಗೊಂದಲ ಮುಗಿಯಿತು. ರಾಜ್ಯದಲ್ಲಿ ಏಪ್ರಿಲ್ 2ನ್ನು ಪೊಲೀಸ್ ಧ್ವಜ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಬಳಿಕ ಕಾಯ್ದೆಯ ಹೆಸರೂ ಬದಲಾಯಿತು.

1963ರಲ್ಲಿ ಬೆಂಗಳೂರು ನಗರಕ್ಕೆ ಪೊಲೀಸ್ ಕಮಿಷನರ್ ವ್ಯವಸ್ಥೆ ಬಂದು, ಸಿ. ಚಾಂಡಿ ಮೊದಲ ಕಮಿಷನರ್ ಆದರು. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆ ದಾವಣಗೆರೆ ಕೇಂದ್ರವಾಗಿರುವ ಪೂರ್ವ ವಲಯದ ಐಜಿಪಿ ವ್ಯಾಪ್ತಿಯಲ್ಲಿದೆ.

ನೇಮಕ ಮತ್ತು ವಿವಾದಗಳು

ಮುಖ್ಯಸ್ಥರ ಆಯ್ಕೆ ದೀರ್ಘಕಾಲ ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಹೊಸ ಕ್ರಮವನ್ನು ವಿಧಿಸಿತು. ಅದರಂತೆ ಕೇಂದ್ರ ಲೋಕಸೇವಾ ಆಯೋಗ ಆರಿಸಿದ ಮೂವರು ಹಿರಿಯರಲ್ಲಿ ಒಬ್ಬರನ್ನು ರಾಜ್ಯ ನೇಮಿಸಬೇಕು. ಅವರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕು.

ಈ ಕ್ರಮ ಕರ್ನಾಟಕದಲ್ಲಿ ತೀವ್ರ ಪರೀಕ್ಷೆಗೆ ಒಳಗಾದದ್ದು ಶಂಕರ ಬಿದರಿ ಅವರ ನೇಮಕದಲ್ಲಿ. 2011ರ ನವೆಂಬರ್‌ನಲ್ಲಿ ಅಧಿಕಾರ ವಹಿಸಿಕೊಂಡ ಅವರ ನೇಮಕವನ್ನು ಮತ್ತೊಬ್ಬ ಹಿರಿಯ ಅಧಿಕಾರಿ ಎ. ಆರ್. ಇನ್‌ಫಂಟ್ ಪ್ರಶ್ನಿಸಿದರು. 2012ರ ಮಾರ್ಚ್‌ನಲ್ಲಿ ಕೇಂದ್ರ ಆಡಳಿತ ನ್ಯಾಯಮಂಡಳಿ ನೇಮಕವನ್ನು ರದ್ದುಪಡಿಸಿತು. ಅದೇ ತಿಂಗಳು ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಹುದ್ದೆ ಇನ್‌ಫಂಟ್ ಅವರಿಗೆ ಬಂತು, ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2012ರ ಮೇ ಅಂತ್ಯಕ್ಕೆ ಲಾಲ್‌ರೊಖುಮಾ ಪಚಾವೊ ಮುಖ್ಯಸ್ಥರಾದರು.

2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಪ್ರಭಾರ ಮುಖ್ಯಸ್ಥರನ್ನು ನೇಮಿಸಕೂಡದೆಂದೂ ಹುದ್ದೆ ತೆರವಾಗುವ ಮೂರು ತಿಂಗಳ ಮೊದಲೇ ಆಯೋಗಕ್ಕೆ ಹೆಸರುಗಳನ್ನು ಕಳುಹಿಸಬೇಕೆಂದೂ ಸೂಚಿಸಿತು. ಕನಿಷ್ಠ ಆರು ತಿಂಗಳ ಸೇವೆ ಉಳಿದಿರುವವರನ್ನು ಪರಿಗಣಿಸಬೇಕೆಂದು 2019ರಲ್ಲಿ ಸ್ಪಷ್ಟಪಡಿಸಿತು.

ಪ್ರಮುಖ ಮುಖ್ಯಸ್ಥರು

2000ದಲ್ಲಿ ನಟ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ 108 ದಿನ ಒತ್ತೆಯಲ್ಲಿರಿಸಿಕೊಂಡಾಗ ಸಿ. ದಿನಕರ್ ಈ ಹುದ್ದೆಯಲ್ಲಿದ್ದರು. ಆ ಪ್ರಕರಣದ ಕುರಿತು ಅವರು ಮುಂದೆ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಬರೆದರು. ನೀಲಮಣಿ ಎನ್. ರಾಜು 2017ರ ಅಕ್ಟೋಬರ್ ಕೊನೆಯಲ್ಲಿ ಅಧಿಕಾರ ವಹಿಸಿಕೊಂಡು ರಾಜ್ಯ ಪೊಲೀಸ್ ಪಡೆಯ ಮೊದಲ ಮಹಿಳಾ ಮುಖ್ಯಸ್ಥರಾದರು. 2020ರ ಜನವರಿ ಕೊನೆಯವರೆಗೆ ಮುಂದುವರಿದರು. ಅವರ ಅನಂತರ ಬಂದ ಪ್ರವೀಣ್ ಸೂದ್ 2023ರ ಮೇ ತಿಂಗಳಲ್ಲಿ ಸಿಬಿಐ ನಿರ್ದೇಶಕರಾಗಿ ದೆಹಲಿಗೆ ತೆರಳಿದರು. ಆ ಸ್ಥಾನಕ್ಕೆ ಬಂದ ಅಲೋಕ್ ಮೋಹನ್ ಅವರು ಮೊದಲಿಗೆ ಪ್ರಭಾರದಲ್ಲಿದ್ದು ಬಳಿಕ ಪೂರ್ಣಾವಧಿ ಮುಖ್ಯಸ್ಥರಾದರು. 2025ರ ಮೇ ತಿಂಗಳಲ್ಲಿ ಅಧಿಕಾರ ವಹಿಸಿಕೊಂಡ ಎಂ. ಎ. ಸಲೀಂ ಅವರೂ ಆರಂಭದಲ್ಲಿ ಪ್ರಭಾರ ಮುಖ್ಯಸ್ಥರೇ ಆಗಿದ್ದರು.